ಕೆಂಚೇಗೌಡರ ಕೋಡಿ ಹಲಗೆ

ಆರಿದ್ರಾ ಮಳೆ ಮುಗಿದ ಮರುವಾರ ಇದು ನಡೆಯಿತು. ಕೆಂಚೇಗೌಡರ ಊರಿನ ಕೆರೆ ತುಂಬಿ ಬಂದಿತ್ತು. ಕೋಡಿ ಹರಿದರೆ ನೀರು ಹೋಗುವುದು ಕೆಳಗಿನೂರಿನ ಕೆರೆಗೆ. ಅಲ್ಲಿನ ಗೌಡ ಕೆಂಚೇಗೌಡರ ದಾಯಾದಿ. ಅವನ ಗದ್ದೆ ಹಸಿರಾದರೆ ಇವರಿಗೆ ಅನ್ನ ಸೇರದು.

"ಕೋಡಿಗೆ ಹಲಗೆ ಹಾಕೋ. ಒಂದು ತೊಟ್ಟೂ ಆ ಕಡೆ ಹೋಗಕೂಡದು" ಎಂದು ನೀರುಗಂಟಿಗೆ ಅಪ್ಪಣೆಯಾಯಿತು.

ನೀರುಗಂಟಿಯ ತುಂಡು ಗದ್ದೆಯೂ ಕೆಳಗಿನ ಕೆರೆಯನ್ನೇ ನಂಬಿತ್ತು. ಆದರೂ ಅವನು ಏಳು ಹಲಗೆ ಹಾಕಿ ಬಂದು ಕೈಕಟ್ಟಿ ನಿಂತ.

"ಈ ಸಲ ಬಾಗಿನ ಇಲ್ಲ ಅಂತ ಪೂಜಾರಪ್ಪನಿಗೆ ಹೇಳ್ಬಿಡ್ಲಾ ಬುದ್ಧಿ?"

"ಯಾಕಲಾ?"

"ಕೋಡಿ ಬೀಳದ ಕೆರೆಗೆ ಯಾರು ಬಾಗಿನ ಬಿಡ್ತಾರೆ? ಕೆಳಗಿನ ಗೌಡ್ರು ಆಗಲೇ ಅಂದ್ರಂತೆ, 'ಪಾಪ, ಅಣ್ಣನ ಕೆರೆ ಈ ವರ್ಷ ತುಂಬಲೇ ಇಲ್ಲ' ಅಂತ."

ಆ 'ಪಾಪ' ಗೌಡರನ್ನು ಚೇಳಿನಂತೆ ಕುಟುಕಿತು.

"ನೀರು ಬಿಟ್ಟರೆ ಅವನ ಕೆರೆ ತುಂಬ್ತದಲ್ಲೋ!"

"ತುಂಬಲಿ ಬುದ್ಧಿ. ಅದು ನಿಮ್ಮ ಕೆರೆ ಕುಡಿದು ಬಿಟ್ಟ ಎಂಜಲು. ಆ ಎಂಜಲಿಗೆ ಅವರು ಪೇಟ ಸುತ್ಕೊಂಡು ಕೈಮುಗೀಬೇಕು."

ಗೌಡರ ಮುಖ ಅರಳಿತು. ಕಚ್ಚೆ ಬಿಗಿದು ತಾವೇ ಕೋಡಿಗೆ ಇಳಿದರು.

ಅವರು ಕಿತ್ತೆಸೆದ ಹಲಗೆ ಏಳಕ್ಕೆ ಏಳು.