ಬೀರುವಿನಲ್ಲಿದ್ದ ದೀಪ

"ಗುರುಗಳೇ, ನಲವತ್ತು ಸಲ ಕಣ್ಣಾರೆ ಕಂಡದ್ದನ್ನು ನಲವತ್ತೊಂದನೆಯ ಸಲ ಯಾಕೆ ನೋಡಬೇಕು?"

ಕೇಳಿದವಳು ದಾಕ್ಷಾಯಿಣಿ. ಗಡ್ಡೆಯ ಕಾಯಿಲೆಗೆಂದು ತಯಾರಾದ ಒಂದು ಹೊಸ ಮದ್ದು ಮೈಯೊಳಗೆ ಎಲ್ಲಿಯವರೆಗೆ ಹೋಗುತ್ತದೆ ಎಂದು ಪತ್ತೆ ಮಾಡುವುದು ಅವಳ ಸಂಶೋಧನೆ. ಮದ್ದಿಗೆ ಹೊಳೆಯುವ ಬಣ್ಣವೊಂದನ್ನು ಬೆಸೆದು ಇಲಿಗಳಿಗೆ ಕೊಡುತ್ತಿದ್ದಳು. ಆಮೇಲೆ ಅವುಗಳ ಗಡ್ಡೆಯ ತೆಳುವಾದ ಚೂರನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೀಲಿ ಬೆಳಕು ಬಿಟ್ಟು ನೋಡುತ್ತಿದ್ದಳು. ಬಣ್ಣ ತಲುಪಿದ ಜೀವಕೋಶ ಹಸಿರಾಗಿ ಹೊಳೆಯಬೇಕು. ನಲವತ್ತು ಪಟ್ಟಿ ನೋಡಿದ್ದಳು, ನಲವತ್ತೂ ಹೊಳೆದಿದ್ದವು. ಸೋಮವಾರ ಆ ಫಲಿತಾಂಶ ಸಮಿತಿಯ ಮುಂದೆ ಹೋಗಬೇಕಿತ್ತು. ಸಮಿತಿ ಹೂಂ ಎಂದರೆ ಮದ್ದು ಇಲಿಗಳನ್ನು ದಾಟಿ ರೋಗಿಗಳ ಮೈಗೆ ಹೋಗುತ್ತದೆ.

ಒಂದು ಪಟ್ಟಿ ಮಾತ್ರ ನೋಡದೆ ಉಳಿದಿತ್ತು. ಅದು ಬಣ್ಣವನ್ನೇ ಕೊಡದ ಇಲಿಯ ಗಡ್ಡೆಯ ಚೂರು. ಕೆಲವು ಮಾಂಸಕ್ಕೆ ತನ್ನದೇ ಆದ ಹೊಳಪಿರುತ್ತದೆ, ಬಣ್ಣವಿಲ್ಲದೆಯೂ ಹೊಳೆಯುತ್ತದೆ. ಅದಕ್ಕೇ ಬಣ್ಣ ಹಾಕದ ಒಂದು ಚೂರನ್ನು ನೋಡಿಯೇ ತೀರಬೇಕು ಎಂಬುದು ಆ ಕೆಲಸದ ಕಟ್ಟಳೆ. ಅದು ಕತ್ತಲಾಗಿದ್ದರೆ ಉಳಿದ ನಲವತ್ತನ್ನೂ ನಂಬಬಹುದು. ಅದೂ ಹಾಗೆಯೇ ಹೊಳೆದರೆ ಮದ್ದು ತಲುಪಿತು ಎನ್ನುವುದಕ್ಕೆ ಆಧಾರವೇ ಇಲ್ಲ.

"ಅದು ಕತ್ತಲಾಗಿಯೇ ಇರುತ್ತದೆ ಬಿಡಿ ಗುರುಗಳೇ. ಪೆಟ್ಟಿಗೆಯಲ್ಲಿ ಭದ್ರವಾಗಿದೆ, ಎಲ್ಲಿಗೂ ಓಡಿಹೋಗುವುದಿಲ್ಲ. ಈಗ ಪುರುಸೊತ್ತೂ ಇಲ್ಲ," ಎಂದಳು ದಾಕ್ಷಾಯಿಣಿ.

ಹಾಲಪ್ಪ ಮೇಷ್ಟ್ರು ಜೀವಕೋಶಗಳನ್ನು ನೋಡುತ್ತಲೇ ತಲೆ ಹಣ್ಣಾಗಿಸಿಕೊಂಡವರು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಆ ದಿನ ಗದರಲಿಲ್ಲ.

"ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರೆ," ಎಂದರು.

"ಆ ಗಾದೆ ನಿಮ್ಮ ಬಾಯಲ್ಲಿ ಕೇಳಿ ಕೇಳಿ ಸವೆದುಹೋಗಿದೆ."

"ಹೌದಾ? ಗಾದೆ ಸವೆದಿದ್ದರೆ ಕತೆ ಕೇಳು. ಮುಗಿಯುವ ತನಕ ನಡುವೆ ಬಾಯಿ ಹಾಕಬೇಡ," ಎಂದು ಮೇಷ್ಟ್ರು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಶಸ್ತ್ರವೈದ್ಯನಿದ್ದ. ಸತ್ತ ಅಂಗವನ್ನು ಕತ್ತರಿಸಿ ಜೀವ ಉಳಿಸುವುದರಲ್ಲಿ ಎತ್ತಿದ ಕೈ. ಕಾಸಿಗೆ ಆಸೆಪಟ್ಟವನಲ್ಲ, ಕೆಲಸ ಕದ್ದವನಲ್ಲ. ಒಳ್ಳೆಯವನು. ಕೆಟ್ಟವನ ಕತೆಯಾಗಿದ್ದರೆ ನಿನಗೆ ಹೇಳುತ್ತಲೇ ಇರಲಿಲ್ಲ.

ಅವನಿಗೆ ಒಂದು ಪದ್ಧತಿ ಇತ್ತು. ಪೆಟ್ಟಾದ ಕಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿಯುತ್ತಿದ್ದ. ಬೆರಳು ತೆಗೆದು ಹತ್ತರವರೆಗೆ ಎಣಿಸುತ್ತಿದ್ದ. ಒತ್ತಿದ ಜಾಗ ಅಷ್ಟರೊಳಗೆ ಮತ್ತೆ ಕೆಂಪೇರಿದರೆ ಅಲ್ಲಿ ರಕ್ತ ಹರಿಯುತ್ತಿದೆ, ಮಾಂಸ ಬದುಕಿದೆ. ಏರದಿದ್ದರೆ ಸತ್ತಿದೆ. ಹಾಗೆಂದು ಅವನು ಓದಿದ ಪುಸ್ತಕ ಹೇಳಿತ್ತು. ಆ ಪುಸ್ತಕ ಬರೆದವರ ನಾಡಿನ ಜನ ಬೆಳ್ಳಗಿದ್ದರು. ಈ ಊರಿನವರೋ ಬಿಸಿಲಿಗೆ ಮೈಯೊಡ್ಡಿ ದುಡಿಯುವವರು, ಕಪ್ಪು ಮೈಯವರು. ಕಪ್ಪು ಚರ್ಮದ ಮೇಲೆ ಕೆಂಪೇರುವುದು ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಇದನ್ನು ಯಾರೂ ಅವನಿಗೆ ಹೇಳಲಿಲ್ಲ, ಅವನೂ ಯಾರನ್ನೂ ಕೇಳಲಿಲ್ಲ.

ಎಣಿಸಿ ಮುಗಿಸಿದ ಮೇಲೆ ನೇರಳೆ ಮಸಿಯಲ್ಲಿ ಅದ್ದಿದ ಕಡ್ಡಿಯಿಂದ ಕಾಲಿನ ಸುತ್ತ ಗೆರೆ ಎಳೆಯುತ್ತಿದ್ದ. ಕತ್ತರಿಸುವುದು ಅಲ್ಲಿಂದ. ಒಮ್ಮೆ ಎಳೆದ ಗೆರೆಯನ್ನು ಅವನು ಅಳಿಸಿದ್ದನ್ನು ಕಂಡವರಿಲ್ಲ. ವೈದ್ಯರ ಗೆರೆ ಎಂದರೆ ಬ್ರಹ್ಮ ಬರೆದ ಹಾಗೆ ಎಂದು ಆಸ್ಪತ್ರೆಯ ಆಯಾಗಳೂ ಆಡಿಕೊಳ್ಳುತ್ತಿದ್ದರು. ವೈದ್ಯನ ಕಿವಿಗೂ ಅದು ಬಿದ್ದಿತ್ತು, ಬೇಡವೆನಿಸಿರಲಿಲ್ಲ.

ಆ ಆಸ್ಪತ್ರೆಯ ಬಾಗಿಲು ಕಾಯುವವನಿಗೆ ಒಂದೇ ಕಾಲು. ಮೊದಲು ಕಲ್ಲು ಒಡೆಯುತ್ತಿದ್ದವನು. ಒಂಬತ್ತು ವರ್ಷದ ಹಿಂದೆ ಬಂಡೆ ಉರುಳಿ ಪಾದ ಜಜ್ಜಿತ್ತು. ವೈದ್ಯನೇ ಒತ್ತಿ ನೋಡಿ, ಗೆರೆ ಎಳೆದು, ಕತ್ತರಿಸಿದ. ಗಾಯ ಮಾಗಿದ ಮೇಲೆ ಹೊಟ್ಟೆಪಾಡಿಗೆ ದಾರಿಯಾಗಲೆಂದು ಬಾಗಿಲಲ್ಲಿ ಕೆಲಸವನ್ನೂ ಕೊಡಿಸಿದ. ಅವತ್ತಿನಿಂದ ವೈದ್ಯನ ಗಾಡಿ ಕಂಡರೆ ಸಾಕು, ಬಾಗಿಲು ಕಾಯುವವನು ಊರುಗೋಲು ಹಿಡಿದು ಎದ್ದು ನಿಲ್ಲುತ್ತಿದ್ದ. ಕೂತೇ ಇರಪ್ಪ ಎಂದರೂ ಕೇಳುತ್ತಿರಲಿಲ್ಲ. ನನ್ನ ಜೀವ ಉಳಿಸಿದ ದೇವರು ಇವರೇ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ.

ಒಂದು ದಿನ ಒಬ್ಬ ನೇಕಾರನನ್ನು ಹೊತ್ತು ತಂದರು. ಟ್ರ್ಯಾಕ್ಟರಿನ ಗಾಲಿ ಅವನ ಬಲಗಾಲಿನ ಮೇಲೆ ಹರಿದಿತ್ತು. ಪಾದ ಊದಿ ಕಪ್ಪಿಟ್ಟು, ಮುಟ್ಟಿದರೆ ತಣ್ಣಗಿತ್ತು. ವೈದ್ಯ ಹೆಬ್ಬೆರಳು ಒತ್ತಿದ. ಹತ್ತರವರೆಗೆ ಎಣಿಸಿದ. ಮೊಣಕಾಲಿನಿಂದ ಗೇಣು ಕೆಳಗೆ ಗೆರೆ ಎಳೆದ.

ನೇಕಾರ ಕೈ ಮುಗಿದ. "ಸ್ವಾಮಿ, ನಮ್ಮದು ಗುಣಿಮಗ್ಗ. ಗುಣಿಯೊಳಗೆ ಕಾಲಿಳಿಸಿ ಕೂತು ಎರಡೂ ಕಾಲಲ್ಲಿ ತುಳಿಯಬೇಕು. ಕಾಲು ಹೋದರೆ ನನ್ನ ಕೈಯೂ ಹೋದ ಹಾಗೆ."

"ಕಾಲು ಉಳಿಸಿಕೊಂಡರೆ ನೀನೇ ಹೋಗುತ್ತೀಯ," ಎಂದ ವೈದ್ಯ.

ಆಸ್ಪತ್ರೆಗೆ ಆಗಷ್ಟೇ ಸೇರಿದ್ದ ಒಬ್ಬ ಕಿರಿಯ ವೈದ್ಯೆ ಪಕ್ಕದಲ್ಲಿದ್ದಳು. ಗೆರೆ ಬಿದ್ದ ಮೇಲೆ ಮಾತಾಡಬಾರದು ಎಂಬುದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. "ಸರ್, ನಿಮ್ಮ ಬೀರುವಿನ ಮೇಲಿನ ಅರೆಯಲ್ಲಿ ನೇರಳೆ ದೀಪದ ಪೆಟ್ಟಿಗೆ ನೋಡಿದೆ. ಅದಕ್ಕೆ ಬೇಕಾದ ಹೊಳೆಯುವ ಬಣ್ಣ ಕಣ್ಣಿನ ವಿಭಾಗದಲ್ಲಿ ಸಿಗುತ್ತದೆ. ಒಮ್ಮೆ ಹಿಡಿದು ನೋಡೋಣವೇ?" ಎಂದಳು.

ಆ ಬಣ್ಣವನ್ನು ತೋಳಿನ ನರಕ್ಕೆ ಕೊಡುತ್ತಾರೆ. ಅದು ರಕ್ತದ ಜೊತೆ ಹೊರಡುತ್ತದೆ. ರಕ್ತ ಎಲ್ಲೆಲ್ಲಿ ಹರಿಯುತ್ತದೋ ಅಲ್ಲೆಲ್ಲ ಜೀವಂತ ಮಾಂಸದೊಳಗೆ ಇಂಗುತ್ತದೆ. ಕತ್ತಲೆ ಮಾಡಿ ನೇರಳೆ ದೀಪ ಹಿಡಿದರೆ ಬದುಕಿದ ಭಾಗವೆಲ್ಲ ಹಳದಿಹಸಿರಾಗಿ ಹೊಳೆಯುತ್ತದೆ, ಸತ್ತ ಭಾಗ ಕಪ್ಪಾಗಿಯೇ ಉಳಿಯುತ್ತದೆ. ರೋಗಿಯ ಮೈ ಒಂದು ದಿನ ಅರಿಸಿನ ಹಚ್ಚಿದ ಹಾಗೆ ಕಾಣುತ್ತದೆ, ಅಷ್ಟೆ.

ವೈದ್ಯನಿಗೆ ರೇಗಿತು. ಮೂವತ್ತು ವರ್ಷದ ಹೆಬ್ಬೆರಳನ್ನು ನಿನ್ನೆ ಮೊನ್ನೆ ಬಂದವಳು ಪರೀಕ್ಷೆ ಮಾಡುವುದೇ! ಆದರೆ ಎಲ್ಲರೆದುರು ಬೇಡವೆಂದರೆ ಹೆದರಿದ ಎಂದಾರು. "ಹಿಡಿ, ನಿನ್ನ ಆಸೆಯೂ ತೀರಲಿ," ಎಂದ.

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಬಣ್ಣ ಕೊಟ್ಟರು. ಕಾಲು ಗಂಟೆ ಕಾದರು. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ದೀಪಗಳನ್ನೆಲ್ಲ ಆರಿಸಿದರು. ಕಿರಿಯ ವೈದ್ಯೆ ನೇರಳೆ ದೀಪವನ್ನು ಮೊಣಕಾಲಿನ ಮೇಲೆ ಹಿಡಿದಳು. ಮೊಣಕಾಲು ಹೊಳೆಯಿತು. ದೀಪವನ್ನು ಕೆಳಗಿಳಿಸಿದಳು. ವೈದ್ಯ ಎಳೆದ ಗೆರೆ ಬಂತು. ಹೊಳಪು ಅಲ್ಲಿ ನಿಲ್ಲಲಿಲ್ಲ. ಗೆರೆ ದಾಟಿ ಕಣಕಾಲಿಗೆ ಇಳಿಯಿತು, ಹಿಮ್ಮಡಿಗೆ ಹೋಯಿತು, ಅಂಗಾಲಿಗೆ ಹೋಯಿತು, ಬೆರಳುಗಳಿಗೆ ಹೋಯಿತು. ಕಿರುಬೆರಳೊಂದೇ ಕಪ್ಪಾಗಿತ್ತು.

"ಅಯ್ಯೋ ಶಿವನೇ!" ಎಂದಳು ಮೂಲೆಯಲ್ಲಿದ್ದ ಆಯಾ.

ವೈದ್ಯ ನಂಬಲಿಲ್ಲ. ದೀಪ ಕೆಟ್ಟಿರಬೇಕು ಎಂದುಕೊಂಡ. ಕಸಿದುಕೊಂಡು ತನ್ನ ಕೈಗೇ ಹಿಡಿದ. ಅವನ ಮೈಯಲ್ಲಿ ಬಣ್ಣವಿರಲಿಲ್ಲ, ಕೈ ಹೊಳೆಯಲಿಲ್ಲ. ನೇಕಾರನ ಪೆಟ್ಟಾಗದ ಎಡಗಾಲಿಗೆ ಹಿಡಿದ. ಅದು ಹೊಳೆಯಿತು. ತಿರುಗಿ ಬಲಗಾಲಿಗೆ ಹಿಡಿದ. ಅದೂ ಎಡಗಾಲಿನಷ್ಟೇ ಹೊಳೆಯಿತು. ದೀಪದ ಸುಳ್ಳು ಹಿಡಿಯಲು ಹೊರಟವನಿಗೆ ದೀಪ ಹೇಳುತ್ತಿರುವುದು ನಿಜವೆಂದು ತನ್ನ ಕೈಯಿಂದಲೇ ಗೊತ್ತಾಯಿತು.

"ಕೋಣೆಯ ದೀಪ ಹಾಕಿ," ಎಂದ. ಬೆಳಕು ಬಂದಾಗ ಪಾದ ಮೊದಲಿನ ಹಾಗೆಯೇ ಕಪ್ಪಗೆ ಬಿದ್ದುಕೊಂಡಿತ್ತು. ಮತ್ತೆ ಹೆಬ್ಬೆರಳು ಒತ್ತಿ ಎಣಿಸಿದ. ಕೆಂಪೇರಿದ್ದು ಕಾಣಲೇ ಇಲ್ಲ. ದೀಪವಿಲ್ಲದಿದ್ದರೆ ಈ ಹೊತ್ತಿಗೆ ಕತ್ತರಿಸಿ ಮುಗಿಸುತ್ತಿದ್ದೆನಲ್ಲ, ಕೈ ತೊಳೆದು ಊಟಕ್ಕೆ ಹೋಗುತ್ತಿದ್ದೆನಲ್ಲ ಎಂದುಕೊಂಡ. ಒಂದು ಕಾಲು ಉಳಿಯಿತೆಂದು ಸಂತೋಷವಾಗಬೇಕಿತ್ತು, ಆಗಲಿಲ್ಲ. ಮೂವತ್ತು ವರ್ಷದಲ್ಲಿ ಎಷ್ಟು ಕಾಲಿಗೆ ಗೆರೆ ಎಳೆದೆ ಎಂದು ಲೆಕ್ಕ ಹಾಕತೊಡಗಿದವನು ಹೆದರಿ ಬಿಟ್ಟುಬಿಟ್ಟ.

ಸತ್ತಿದ್ದ ಕಿರುಬೆರಳೊಂದನ್ನೇ ತೆಗೆದು, ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಗೆರೆಯನ್ನು ತಾನೇ ಒರೆಸಿದ. ಆಯಾಗಳು ಮೂಗಿನ ಮೇಲೆ ಬೆರಳಿಟ್ಟು ನೋಡಿದರು.

ತನ್ನ ಕೋಣೆಗೆ ಬಂದು ದೀಪವನ್ನು ಪೆಟ್ಟಿಗೆಯಲ್ಲಿಡಲು ಹೋದಾಗ ಮುಚ್ಚಳದ ಒಳಬದಿಗೆ ಅಂಟಿಸಿದ್ದ ಚೀಟಿ ಕಂಡಿತು. "ದೀಪ ಬಂದು ತಲುಪಿದೆ. ಸದ್ಯಕ್ಕೆ ಅಗತ್ಯವಿಲ್ಲ. ಬೀರುವಿನಲ್ಲಿಡಿ." ಕೈಬರಹ ಅವನದೇ, ಸಹಿಯೂ ಅವನದೇ. ತಾರೀಖು ನೋಡಿದ. ಹನ್ನೊಂದು ವರ್ಷದ ಹಿಂದಿನದು. ಕಣ್ಣುಜ್ಜಿಕೊಂಡು ಇನ್ನೊಮ್ಮೆ ಓದಿದ. ಬಾಗಿಲು ಕಾಯುವವನ ಕಾಲು ಹೋಗಿ ಒಂಬತ್ತು ವರ್ಷ. ಅವನು ಮೇಜಿನ ಮೇಲೆ ಮಲಗಿ ಕೈ ಮುಗಿದಾಗ ದೀಪ ಇದೇ ಬೀರುವಿನಲ್ಲಿ, ಇದೇ ಅರೆಯಲ್ಲಿ, ಎರಡು ವರ್ಷದಿಂದ ಇತ್ತು.

ಮಾರನೆಯ ದಿನದಿಂದ ಅವನು ಹಿಂಬಾಗಿಲಿನಿಂದ ಬರತೊಡಗಿದ. ಮುಂಬಾಗಿಲಿನಲ್ಲಿ ಊರುಗೋಲು ಹಿಡಿದು ಎದ್ದು ನಿಲ್ಲುವವನ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ದೇವರಿಗೆ ನನ್ನ ಮೇಲೆ ಏನೋ ಸಿಟ್ಟು ಎಂದು ಬಾಗಿಲು ಕಾಯುವವನು ಆಯಾಗಳ ಹತ್ತಿರ ಪೇಚಾಡಿಕೊಂಡ.

ತಿಂಗಳಾಯಿತು. ನೇಕಾರನ ಪಾದ ಮಾಗಿತು. ಊರಿಗೆ ಹೊರಟು ನಿಂತವನು, "ನೀವೇ ಬಾಗಿಲ ತನಕ ಬಂದು ಕಳಿಸಿಕೊಡಬೇಕು ಸ್ವಾಮಿ," ಎಂದು ಪಟ್ಟು ಹಿಡಿದ. ಇಲ್ಲವೆನ್ನಲಾಗದೆ ವೈದ್ಯ ಜೊತೆಗೆ ಬಂದ. ನೇಕಾರ ಎರಡೂ ಕಾಲೂರಿ, ಸ್ವಲ್ಪ ಕುಂಟುತ್ತಾ ಬಾಗಿಲು ದಾಟಿ ಹೋದ.

ಬಾಗಿಲು ಕಾಯುವವನು ಆ ಪಾದಗಳನ್ನೇ ನೋಡುತ್ತಿದ್ದ. ಅವು ಮರೆಯಾದ ಮೇಲೆ ಊರುಗೋಲು ಊರಿಕೊಂಡು ವೈದ್ಯನ ಹತ್ತಿರ ಬಂದ. ನೇಕಾರನ ಕಾಲು ಹೊಳೆದ ಸುದ್ದಿ ಬಾಗಿಲು ಕಾಯುವವನ ಮನೆಯವರೆಗೂ ಹೋಗಿತ್ತು.

"ಸ್ವಾಮಿ, ತಪ್ಪು ತಿಳಿಯಬೇಡಿ. ನನ್ನ ಹೆಂಡತಿ ಒಂದೇ ಸಮನೆ ಕೇಳ್ತಾಳೆ, ನಿನ್ನ ಕಾಲಿಗೆ ಯಾಕೆ ಆ ದೀಪ ಹಿಡಿಯಲಿಲ್ಲ ಅಂತ. ನಾನು ಚೆನ್ನಾಗಿ ಬೈದೆ. ಹುಚ್ಚಿ, ಆಗ ದೀಪ ಇನ್ನೂ ಬಂದಿರಲಿಲ್ಲ, ಇದ್ದಿದ್ದರೆ ನಮ್ಮ ಸ್ವಾಮಿ ಹಿಡಿಯದೆ ಬಿಡ್ತಿದ್ದರಾ ಅಂದೆ. ಆದರೂ ನಂಬ್ತಿಲ್ಲ. ನಿಮ್ಮ ಬಾಯಿಂದಲೇ ಒಂದು ಮಾತು ಹೇಳಿಬಿಡಿ. ಆ ದೀಪ ಬಂದು ಎಷ್ಟು ದಿನ ಆಯ್ತು ಸ್ವಾಮಿ?"

ಮೇಷ್ಟ್ರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ದಾಕ್ಷಾಯಿಣಿಗೆ ನಡುವೆ ಬಾಯಿ ಹಾಕಬಾರದು ಎಂದದ್ದು ಮರೆತುಹೋಯಿತು. "ವೈದ್ಯ ಏನೆಂದ ಗುರುಗಳೇ? ನಿಜ ಹೇಳಿದನೋ, ಇಲ್ಲವೋ?" ಎಂದು ಕೇಳಿದಳು.

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿಕೊಂಡರು.

"ಅವನ ಮಾತು ಹಾಗಿರಲಿ ಮಗಳೇ, ಬಣ್ಣ ಹಾಕದ ಆ ಗಾಜಿನ ಪಟ್ಟಿ ನಿನ್ನ ಪೆಟ್ಟಿಗೆಗೆ ಬಂದು ಎಷ್ಟು ದಿನ ಆಯಿತು?"