ಹುಲುಗಪ್ಪ ನಕ್ಕಿದ್ದು

ಹೊಳೆ ದಂಡೆಯಲ್ಲಿ ಹಾಲಯ್ಯ ಅಂತ ಒಬ್ಬ ಗುರು ಇದ್ದ. ಒಬ್ಬನೇ ಜನರೆದುರು ನಿಂತು ನಗಿಸುವ ವಿದ್ಯೆ ಕಲಿಸುತ್ತಿದ್ದ.

ಅವನದೊಂದು ಪದ್ಧತಿ. ಶಿಷ್ಯ ಮೊದಲ ಸಲ ಆಟ ಕೊಡುವ ದಿನ ಗುರು ಅವನಿಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ಕೂರುತ್ತಿದ್ದ. ಆಟ ಮುಗಿದ ಮೇಲೆ ತನ್ನ ಕೆಂಪು ಶಾಲು ಹೊದಿಸಿದರೆ ಶಿಷ್ಯ ಗೆದ್ದ. ಇಲ್ಲದಿದ್ದರೆ ಮತ್ತೆ ಕೊಡ ಹೊತ್ತು ನೀರು ತರುವುದೇ ಗತಿ.

ಆ ಶಾಲಿಗಾಗಿ ಕೊಟ್ರೇಶ ವರ್ಷಗಟ್ಟಲೆ ನೀರು ಹೊತ್ತಿದ್ದ. ನಗಿಸುವುದಕ್ಕಿಂತ ಮೊದಲು ಕಾಯುವುದನ್ನು ಕಲಿತಿದ್ದ. ಜನ ನಗುವಾಗ, ಕೊನೆಯವನ ನಗು ಅಡಗುವವರೆಗೆ ತುಟಿ ಬಿಚ್ಚಬಾರದು.

ಆಚೆ ದಂಡೆಯ ಊರಿನಲ್ಲಿ ಅವನ ಸರದಿ ಬಂತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುರುಪಿನಲ್ಲಿ ಅವನು, ತಮ್ಮನ್ನು ಹೊಳೆ ದಾಟಿಸಿದ ಅಂಬಿಗ ಹುಲುಗಪ್ಪನ ಉಗ್ಗು ಮಾತನ್ನು ಇದ್ದ ಹಾಗೇ ಆಡಿ ತೋರಿಸಿದ.

ಹುಲುಗಪ್ಪ ಅಲ್ಲೇ ಕೂತಿದ್ದ. ಊರಿಗೆ ಊರೇ ಅವನತ್ತ ತಿರುಗಿ ಬಿದ್ದು ಬಿದ್ದು ನಕ್ಕಿತು.

ಹಾಲಯ್ಯ ಎದ್ದು ಹೊರಟ. ಶಾಲು ಅವನ ಹೆಗಲ ಮೇಲೇ ಇತ್ತು.

ಬೆಳಿಗ್ಗೆ ಮೂವರೂ ಹರಿಗೋಲಿನಲ್ಲಿ ಕೂತರು. ಬರುವಾಗ ತಡೆತಡೆದು ದಾರಿಯುದ್ದಕ್ಕೂ ಹರಟಿದ್ದ ಹುಲುಗಪ್ಪ ಇವತ್ತು ಕೈಸನ್ನೆಯಲ್ಲೇ ಜಾಗ ತೋರಿಸಿದ.

ಕೊಟ್ರೇಶನಿಗೆ ತಡೆಯಲಾಗಲಿಲ್ಲ.

"ಗುರುಗಳ, ನಂದೇನು ತಪ್ಪಾತ್ರಿ? ನಗಲಾರದವ್ರು ಯಾರರ ಇದ್ರೇನ್ರಿ?"

"ಯಾರೂ ಇರಲಿಲ್ಲ."

"ಈ ಹುಲುಗಪ್ಪಣ್ಣನೂ ನಕ್ಕ. ಎಲ್ಲಾರಿಗಿಂತ ಜೋರಾಗಿ ನಕ್ಕ."

"ಹೌದು, ನಕ್ಕ. ನಗೋಕಿಂತ ಮುಂಚೆ ಸುತ್ತ ಎಲ್ಲಾರ ಮಾರಿ ನೋಡಿದ. ಆಮ್ಯಾಲೆ ನಕ್ಕ."

ನಿನ್ನೆ ಆ ನಗುವನ್ನು ಕೇಳಿಯೇ ಕೊಟ್ರೇಶ ಅದೇ ಮಾತನ್ನು ಇನ್ನೊಂದು ಸಲ ಆಡಿದ್ದ.

ನಡು ಹೊಳೆಯಲ್ಲಿ ಹುಲುಗಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಹುಟ್ಟನ್ನು ನೀರಿನಿಂದ ಎತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಹರಿಗೋಲು ಸೆಳವಿಗೆ ಸಿಕ್ಕಿ ಗರಗರ ತಿರುಗತೊಡಗಿತು.

ಕೊಟ್ರೇಶ ಹರಿಗೋಲಿನ ಅಂಚನ್ನು ಹಿಡಿದುಕೊಂಡ. ಹೊಳೆ ಹರಿಯುವ ಕಡೆ ಬಂಡೆಗಳಿದ್ದವು, ನೀರು ಮೊರೆಯುವುದು ಕೇಳುತ್ತಿತ್ತು.

"ಅಣ್ಣ, ಹುಟ್ಟು ಹಾಕು! ತಪ್ಪಾತು, ಹುಟ್ಟು ಹಾಕು!"

ಹುಲುಗಪ್ಪ ಅವನನ್ನೇ ದಿಟ್ಟಿಸಿದ. ಕತ್ತಿನ ನರ ಉಬ್ಬಿತು.

"ನೀ... ನೀ... ನಿ..."

ಮಾತು ಅಲ್ಲೇ ಸಿಕ್ಕಿಕೊಂಡಿತು. ಹರಿಗೋಲು ಇನ್ನೊಂದು ಸುತ್ತು ತಿರುಗಿತು. ಹುಲುಗಪ್ಪನ ತುಟಿ ಅದುರುತ್ತಿತ್ತು, ಕಣ್ಣಲ್ಲಿ ನೀರು ತುಂಬಿತ್ತು.

"ನಿನ್ನೆ ಅಂತೀಯೇನಣ್ಣ? ನಿನ್ನೆ ನಾನು..." ಎಂದು ಕೊಟ್ರೇಶ ಬಾಯಿ ಹಾಕಿದ.

ಹಾಲಯ್ಯನ ಕೈ ಅವನ ಮೊಣಕಾಲನ್ನು ಗಟ್ಟಿಯಾಗಿ ಅದುಮಿತು.

"ನಿನ್ನೆ ಊರವರ ನಗು ಮುಗಿಯೋತನಕ ಕಾದ್ಯಲ್ಲ," ಎಂದ ಗುರು. "ಈಗ ಇವನ ಮಾತು ಮುಗಿಯೋತನಕ ಕಾಯಿ."