ಪೊರ್ಬುಗಳ ವೈನಿಗೆ ತಕ್ಕ ಮೀನು

ಡ್ಯಾನ್ಯೂಬ್ ಹೊಳೆಯ ದಂಡೆ. ದ್ರಾಕ್ಷಿ ಗುಡ್ಡದ ಬುಡದಲ್ಲಿ ಒಂದು ಊಟದ ಮನೆ. ನಡೆಸುವವರು ಬೊನಿಫಾಸ್, ಊರ ಕಡೆ ಕ್ರೈಸ್ತರನ್ನು ಕರೆಯುವ ವಾಡಿಕೆಯಂತೆ ಪೊರ್ಬುಗಳು. ಮಂಗಳೂರು ಬಿಟ್ಟು ಆಸ್ಟ್ರಿಯಾ ಸೇರಿ ನಲವತ್ತು ವರ್ಷ. ಈಗ ಕೈ ನಡುಗುತ್ತದೆ. ರುಚಿ ನೋಡುವ ನಾಲಗೆ ಮಾತ್ರ ಗಟ್ಟಿ.

ಅವರ ಹತ್ತಿರ ಕಲಿಯಲು ಬಂದವ ಗಣಪ ಖಾರ್ವಿ. ಗಂಗೊಳ್ಳಿಯಲ್ಲಿ ಅವನದೊಂದು ಮೀನೂಟದ ಹೋಟೆಲಿತ್ತು. ಹೆಂಡತಿ ಚಂದು ತೀರಿಕೊಂಡ ಮೇಲೆ ಆ ಒಲೆಯ ಮುಂದೆ ನಿಲ್ಲಲಾಗಲಿಲ್ಲ. ಬೀಗ ಹಾಕಿ ಬಂದ.

ಇಲ್ಲಿಯೂ ಒಂದು ಕಡೆ ನಿಲ್ಲುವವನಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದ.

ಆ ಬೆಳಿಗ್ಗೆ ಪೊರ್ಬುಗಳು ಬಾಗಿಲಿಗೆ ಪೈನ್ ಮರದ ಟೊಂಗೆ ಕಟ್ಟಿದರು. ಹೊಸ ವೈನ್ ತೆರೆದಿದೆ, ಬನ್ನಿ ಎಂದು ಅದರ ಅರ್ಥ. ಒಳಗೆ ಬಂದು ಒಂದು ಗ್ಲಾಸ್ ಸುರಿದು ಒಲೆಯ ಪಕ್ಕ ಇಟ್ಟರು. ಬಿಳಿ ವೈನ್. ಅಂಚಿನಲ್ಲಿ ತುಸು ಹಸಿರು.

"ಗ್ರೂನರ್ ವೆಲ್ಟ್ಲೀನರ್, ಇಲ್ಲಿಯ ದ್ರಾಕ್ಷಿಯದ್ದು. ಮಧ್ಯಾಹ್ನ ಜನ ಬರ್ತಾರೆ. ಇದಕ್ಕೆ ತಕ್ಕ ಮೀನು ಮಾಡು. ಸರಿಯಾದರೆ ಒಲೆ ನಿನ್ನದು. ಇಲ್ಲದಿದ್ದರೆ ಊರಿಗೆ ಹೋಗು ಮಾರಾಯ. ಕಾಯುವಷ್ಟು ಆಯುಷ್ಯ ನನಗಿಲ್ಲ."

ಊರಲ್ಲಿ ಗಣಪನಿಗೆ ಆ ಬೀಗ ಬಿಟ್ಟರೆ ಏನಿಲ್ಲ.

ಒಣಮೆಣಸು ಅರೆದು ಹಚ್ಚಿ, ಮೀನು ಎಣ್ಣೆಯಲ್ಲಿ ಕಾಯಿಸಿ ಕೊಟ್ಟ. ಪೊರ್ಬುಗಳು ಒಂದು ತುಂಡು ತಿಂದರು. ಒಂದು ಗುಟುಕು ಕುಡಿದರು.

"ವೈನ್ ಎಲ್ಲಿ ಹೋಯಿತು?"

"ಗ್ಲಾಸಲ್ಲಿ ಉಂಟಲ್ಲ."

"ಗ್ಲಾಸಲ್ಲಿ ಉಂಟು. ಬಾಯಲ್ಲಿಲ್ಲ."

ಹುಣಸೆ, ತೆಂಗಿನ ಹಾಲು ಹಾಕಿ ಮಾಡಿದ. ಅವರು ತಟ್ಟೆ ದೂಡಿದರು. ಬೆಳ್ಳುಳ್ಳಿ ಜಜ್ಜಿ ಹಾಕಿದ. ಮತ್ತೆ ದೂಡಿದರು. ಗಣಪ ಶುಂಠಿಗೆ ಕೈ ಹಾಕಿದ.

"ಇಲ್ಲಿಯವರು ಇದರ ಜೊತೆ ಎಂತ ತಿಂತಾರೆ, ಪೊರ್ಬುಗಳೇ?"

"ಬೇಯಿಸಿದ ಶತಾವರಿ ದಂಟು. ಬ್ರೆಡ್ಡಿನ ಪುಡಿ ಹಚ್ಚಿ ಕರಿದ ಮಾಂಸ. ಬಟಾಟೆ. ಹೊಳೆ ಮೀನು."

"ಎಲ್ಲ ಸಪ್ಪೆ."

"ತಿಂದು ನೋಡಿದ್ದೀಯಾ?"

ಗಣಪ ಸೌಟು ಹಿಡಿದು ಒಲೆಯ ಕಡೆ ತಿರುಗಿದ.

"ನೀನು ಮಾಡಿದ್ದನ್ನಾದರೂ?"

"ಇಲ್ಲ. ಗಿರಾಕಿ ಉಣ್ಣುವ ಮೊದಲು ಅಡುಗೆಯವ ಬಾಯಿಗೆ ಹಾಕಿದರೆ ಎಂಜಲು ಅಂತ ಅಪ್ಪ ಹೇಳ್ತಿದ್ದ."

"ಹೋಟೆಲು ಹೇಗೆ ನಡೆಸಿದೆ?"

"ಚಂದು ರುಚಿ ನೋಡ್ತಿದ್ದಳು. ಅಂಗೈಗೆ ಒಂದು ಹನಿ ಹಾಕ್ಕೊಂಡು ನೆಕ್ಕೋದು. ಪಾಪ ಬಂದರೆ ನನಗೆ ಬರಲಿ, ನೀವು ಶುದ್ಧ ಇರಿ ಅಂತ ನಗೋಳು."

"ಈಗ?"

"ಈಗ ಹೇಳುವವರಿಲ್ಲ. ಕಮ್ಮಿ ಆಯಿತೋ ಏನೋ ಅಂತ ಇನ್ನಷ್ಟು ಹಾಕ್ತೇನೆ."

ಪೊರ್ಬುಗಳು ಅವನ ಕೈಯಿಂದ ಸೌಟು ಕಿತ್ತುಕೊಂಡರು. ರಟ್ಟೆ ಹಿಡಿದು ಕರೆದೊಯ್ದು ಗಿರಾಕಿಗಳ ಮೇಜಿಗೆ ಕೂರಿಸಿದರು. ಬಿಸಿ ಬಟಾಟೆ ಒಂದು, ಚಿಟಿಕೆ ಉಪ್ಪು, ವೈನ್. ಅಷ್ಟೇ ತಂದಿಟ್ಟರು.

ಗಣಪ ಎದ್ದ. "ಎಣ್ಣೆ ಕಾಯ್ತಾ ಉಂಟು."

"ಕೂತ್ಕೋ."

"ಜನ ಬರುವ ಹೊತ್ತಾಯಿತು."

"ಬರಲಿ. ನೀನೇ ಮೊದಲ ಗಿರಾಕಿ. ತಿನ್ನು."

ಅವನ ಮೊಣಕಾಲು ಕುಣಿಯುತ್ತಲೇ ಇತ್ತು. ಬಟಾಟೆ ಮುರಿದು ಬಾಯಿಗಿಟ್ಟ. ವೈನ್ ಕುಡಿದ. ತಣ್ಣಗೆ. ಹಸಿ ಸೇಬಿನ ಹುಳಿ. ನುಂಗಿದ ಮೇಲೆ ನಾಲಗೆಯ ತುದಿ ಚುರ್ರೆಂದಿತು.

"ಇದಕ್ಕೆ ಕಾಳುಮೆಣಸು ಹಾಕಿದ್ದೀರಾ?"

"ಇಲ್ಲ."

ಇನ್ನೊಂದು ಗುಟುಕು ಕುಡಿದ. ಮತ್ತೆ ಅದೇ ಚುರುಕು. ಮೊಣಕಾಲು ನಿಂತದ್ದು ಅವನಿಗೆ ಗೊತ್ತಾಗಲಿಲ್ಲ.

"ಖಾರ ಇದರಲ್ಲೇ ಉಂಟು. ಹುಳಿಯೂ ಉಂಟು. ನಾನು ಸುಮ್ಮನೆ ಮೀನಿಗೂ ಅದನ್ನೇ ಸುರಿದೆ."

ಪೊರ್ಬುಗಳು ಸೌಟನ್ನು ಅವನ ಕೈಗೆ ಕೊಟ್ಟರು.

ಗಣಪ ಒಳಗೆ ಹೋದ. ಹೊಳೆ ಮೀನಿಗೆ ಉಪ್ಪು ಸವರಿದ. ರವೆಯಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಕಾಯಿಸಿದ. ಶುಂಠಿಯ ಕಡೆಗೆ ಕೈ ಹೋಯಿತು. ಹಿಂದಕ್ಕೆ ತೆಗೆದ.

ಹೊರಗೆ ಕುರ್ಚಿ ಎಳೆಯುವ ಸದ್ದು. ಜನ ಬಂದಿದ್ದರು.

ತಟ್ಟೆ ಹಿಡಿದು ಪೊರ್ಬುಗಳ ಮುಂದೆ ನಿಂತ. "ಒಂದು ತುಂಡು ನೋಡಿ. ಸರಿ ಉಂಟಾ ಹೇಳಿ. ಕಳಿಸ್ತೇನೆ."

ಪೊರ್ಬುಗಳು ತಟ್ಟೆಯನ್ನು ಅವನ ಕಡೆಗೇ ತಿರುಗಿಸಿದರು.

"ನೀನು ತಿಂದು ನೀನೇ ಹೇಳು, ಗಣಪ. ಚಂದು ಹೋದಳು. ನಾನೂ ಹೋಗುವವನೇ."